ಮೂರು ಹೆಜ್ಜೆ ಹಿಂದೆ

ಆಶ್ರಮಕ್ಕೆ ಬಂದ ಮೊದಲ ದಿನ ಶರ್ವಾಣಿಗೆ ಹಿರಿಯ ಶಿಷ್ಯ ಸದಾಶಿವಯ್ಯನವರು ಕಲಿಸಿದ್ದು ಮಂತ್ರವನ್ನಲ್ಲ, ನಡಿಗೆಯನ್ನು.

ಅಮ್ಮ ನಡೆಯುವಾಗ ಮೂರು ಹೆಜ್ಜೆ ಹಿಂದೆ ಇರಬೇಕು. ಅವರ ನೆರಳನ್ನು ತುಳಿಯಬಾರದು. ಪಾದ ಬಿಟ್ಟು ಬೇರೆಲ್ಲೂ ಮುಟ್ಟಬಾರದು.

ಶರ್ವಾಣಿಗೆ ಈ ಪದ್ಧತಿ ಹಿಡಿಸಿತು. ಮೊದಲೇ ನಾಚಿಕೆಯ ಹುಡುಗಿ. ಹಿಂದೆ ನಡೆಯುವವರನ್ನು ಯಾರೂ ತಿರುಗಿ ಮಾತಾಡಿಸುವುದಿಲ್ಲ ಎನ್ನುವುದೇ ಅವಳಿಗೆ ಒಂದು ನೆಮ್ಮದಿ.

ಹೀಗೆ ನಾಲ್ಕು ವರ್ಷ ನಡೆದಳು. ಅಮ್ಮನ, ಅಂದರೆ ಗುರು ಚೆನ್ನಾಂಬೆಯವರ, ಮುಖಕ್ಕಿಂತ ಅವರ ಹಿಮ್ಮಡಿ ಅವಳಿಗೆ ಹೆಚ್ಚು ಪರಿಚಯ. ಎಡ ಹಿಮ್ಮಡಿಯಲ್ಲಿ ಐದು ಬಿರುಕು, ಬಲದಲ್ಲಿ ಮೂರು.

ಸಂಜೆ ಶಿಷ್ಯರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಪ್ರಶ್ನೆ ಕೇಳುತ್ತಿದ್ದರು. ಶರ್ವಾಣಿ ಕಂಬದ ಮರೆಯಲ್ಲಿ ಕೂರುತ್ತಿದ್ದಳು. ಅವಳಲ್ಲೂ ಪ್ರಶ್ನೆಗಳಿದ್ದವು. ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿದ್ದವು.

ಒಂದು ಬೆಳಿಗ್ಗೆ ಹೊಳೆಯಲ್ಲಿ ಮಿಂದು ಮೆಟ್ಟಿಲು ಹತ್ತುತ್ತಿದ್ದ ಅಮ್ಮನ ಕಾಲು ಪಾಚಿಯ ಮೇಲೆ ಜಾರಿತು. ಪಕ್ಕಕ್ಕೆ ಬಿದ್ದರು. ಎಡ ಸೊಂಟದ ಮೂಳೆ ಮುರಿಯಿತು.

ಶರ್ವಾಣಿ ಒದ್ದೆ ಸೀರೆಯ ಗಂಟು ಹಿಡಿದುಕೊಂಡು ಮೂರು ಹೆಜ್ಜೆ ಹಿಂದೆ ಇದ್ದಳು. ಎಲ್ಲವನ್ನೂ ನೋಡಿದಳು.

*

ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮುರಿದ ಮೂಳೆಯ ತಲೆ ತೆಗೆದು ಲೋಹದ ಗುಂಡು ಕೂರಿಸಿದರು.

ಡಾಕ್ಟರು ಸದಾಶಿವಯ್ಯನವರನ್ನು ಕೇಳಿದರು, ಆಶ್ರಮಕ್ಕೆ ಎಷ್ಟು ಮೆಟ್ಟಿಲು?

ದೋಣಿ ಇಳಿದ ಮೇಲೆ ಇಪ್ಪತ್ತೊಂದು. ಬೇರೆ ದಾರಿ ಇಲ್ಲ.

ಹಾಗಾದರೆ ಎಂಟು ವಾರ ನೋಡೋಣ ಎಂದರು ಡಾಕ್ಟರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಇಳಿಯುವಂತಾದರೆ ಅಮ್ಮ ಆಶ್ರಮಕ್ಕೆ ಹೋಗಬಹುದು. ಆಗದಿದ್ದರೆ ಹೊಳೆಯ ಈಚೆಗೆ ಸಮತಟ್ಟಾದ ಕಡೆ ಒಂದು ಕೋಣೆ ನೋಡಿಕೊಳ್ಳಬೇಕು, ಕೊನೆಯವರೆಗೂ.

ಸದಾಶಿವಯ್ಯನವರು ಕೈ ಮುಗಿದರು. ಕುರ್ಚಿಯ ಮೇಲೆ ಕೂರಿಸಿ ನಾವು ನಾಲ್ಕು ಜನ ಹೊತ್ತುಕೊಂಡು ಹೋಗುತ್ತೇವೆ, ಅದು ನಮ್ಮ ಪುಣ್ಯ ಎಂದರು.

ಮಂಚದಿಂದ ಅಮ್ಮನ ದನಿ ಬಂತು. "ಹೊತ್ತು ಮೆರೆಸೋದು ಉತ್ಸವಮೂರ್ತೀನ. ನನಗೆ ಇನ್ನೂ ಕಾಲಿದೆ."

ಹೊಳೆಯ ಈಚೆ ದಂಡೆಯಲ್ಲಿ ಒಂದು ಆರೈಕೆ ಮನೆ. ಮೂಳೆ ಮುರಿದುಕೊಂಡವರು ಆಪರೇಷನ್ ಆದ ಮೇಲೆ ಅಲ್ಲಿದ್ದು ಮತ್ತೆ ನಡೆಯಲು ಕಲಿಯುತ್ತಾರೆ. ಅಮ್ಮನನ್ನು ಅಲ್ಲಿಗೆ ಸೇರಿಸಿದರು. ಹಗಲಿರುಳೂ ಜೊತೆಗೊಬ್ಬರು ಬೇಕು. ಯಾರಿರಲಿ ಎಂದು ಸದಾಶಿವಯ್ಯನವರು ಕೇಳಿದಾಗ, ತಾವೇ ಇರುವುದೆಂದು ಅವರು ಆಗಲೇ ಚೀಲ ಕಟ್ಟಿಕೊಂಡಿದ್ದರು.

ಅಮ್ಮ ಹೇಳಿದರು, "ಕಂಬದ ಹಿಂದೆ ಒಬ್ಬಳು ಕೂರುತ್ತಾಳಲ್ಲ. ಅವಳು."

*

ಉದ್ದನೆಯ ಹಜಾರ. ಎಂಟು ಮಂಚ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು, ಆಚೆ ದಂಡೆಯಲ್ಲಿ ಆಶ್ರಮದ ಸುಣ್ಣದ ಗೋಡೆಯೂ.

ಎದುರು ಮಂಚದಲ್ಲಿ ಮರಿಸ್ವಾಮಿ ಎಂಬವರು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ರಿಟೈರಾದ ಮೇಲೆ ಸೈಕಲ್ಲಿನಿಂದ ಬಿದ್ದು ತೊಡೆಗೆ ಪ್ಲೇಟು ಹಾಕಿಸಿಕೊಂಡಿದ್ದರು. ಓಡುವ ಬಸ್ಸಲ್ಲಿ ಒಂದು ದಿನವೂ ಬೀಳಲಿಲ್ಲ, ನಿಂತ ಸೈಕಲ್ ಕೆಡವಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ವ್ಯಾಯಾಮ ಮಾಡಿಸುವ ಮನ್ಸೂರ್ ಬಂದ. ಇಪ್ಪತ್ತೈದರ ಹುಡುಗ.

ಅಮ್ಮ ಮಲಗಿದ್ದಲ್ಲಿಂದಲೇ ಕೈ ಜೋಡಿಸಿದರು. "ನಮಸ್ಕಾರ ಮೇಷ್ಟ್ರೇ. ಪಾಠ ಶುರು ಮಾಡಿ."

ಮನ್ಸೂರ್ ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದ.

ಮೊದಲ ಪಾಠ ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿಯುವುದು. ಐದು ಎಣಿಸಿ ಬಿಡುವುದು. ಸಾವಿರ ಜನಕ್ಕೆ ಉಸಿರಿನ ಲೆಕ್ಕ ಹೇಳಿಕೊಟ್ಟ ಅಮ್ಮ, ಅವನು ಒಂದು ಎಂದರೆ ಒಂದು, ಎರಡು ಎಂದರೆ ಎರಡು ಎಂದು ಅವನ ಹಿಂದೆಯೇ ಎಣಿಸಿದರು.

ಆಮೇಲೆ ಅವನು ಬೇಡದ್ದರ ಪಟ್ಟಿ ಕೊಟ್ಟ. ಕಾಲ ಮೇಲೆ ಕಾಲು ಹಾಕಬಾರದು. ಬಗ್ಗಿ ನೆಲದಿಂದ ಏನೂ ಎತ್ತಿಕೊಳ್ಳಬಾರದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಂತೂ ಇನ್ನು ಯಾವತ್ತೂ ಇಲ್ಲ.

ಶರ್ವಾಣಿಯ ಕಣ್ಣು ತುಂಬಿತು. ಅಮ್ಮ ಅರವತ್ತು ವರ್ಷ ಪದ್ಮಾಸನದಲ್ಲಿ ಕೂತವರು.

"ಮೇಷ್ಟ್ರು ಹೇಳಿದ ಮೇಲೆ ಆಯಿತು," ಎಂದರು ಅಮ್ಮ. "ಕುರ್ಚಿಯ ಮೇಲಿಂದ ಹೇಗೆ ಕಾಣುತ್ತೋ ನೋಡೋಣ."

ನಾಲ್ಕನೆಯ ದಿನ ಅವರನ್ನು ನಿಲ್ಲಿಸಿದರು.

ನಾಲ್ಕು ಕಾಲಿನ ವಾಕರ್ ಮುಂದಿಟ್ಟು, ಮನ್ಸೂರ್ ಒಂದು ಕಡೆ, ನರ್ಸ್ ಇನ್ನೊಂದು ಕಡೆ ನಿಂತರು. ಅಮ್ಮ ಕೈ ಊರಿ ಎದ್ದರು. ಮಂಡಿ ನಡುಗಿತು, ವಾಕರ್ ಕಟಕಟ ಎಂದಿತು, ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಬೆನ್ನು ಒಂದೊಂದೇ ಮೂಳೆ ನೆನಪು ಮಾಡಿಕೊಂಡ ಹಾಗೆ ನಿಧಾನಕ್ಕೆ ನೆಟ್ಟಗಾಯಿತು.

ಹಜಾರ ಸುಮ್ಮನಾಯಿತು. ಮರಿಸ್ವಾಮಿಯ ಬಾಯಿ ಕೂಡ.

ಶರ್ವಾಣಿ ಅಮ್ಮನನ್ನು ಧ್ಯಾನದಲ್ಲಿ ನೋಡಿದ್ದಳು, ನೂರಾರು ಜನ ಅವರ ಕಾಲಿಗೆ ಬಿದ್ದದ್ದನ್ನು ನೋಡಿದ್ದಳು. ಆಗೆಲ್ಲ ಆಗದ್ದು ಈಗ ಆಯಿತು. ಅವಳ ಮೈ ಜುಮ್ಮೆಂದಿತು. ಒಬ್ಬ ಮನುಷ್ಯ ಎರಡು ಕಾಲ ಮೇಲೆ ನಿಲ್ಲುವುದು ಇಷ್ಟು ದೊಡ್ಡದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹತ್ತು ಎಣಿಸುವಷ್ಟು ಹೊತ್ತು ನಿಂತು ಅಮ್ಮ ಕೂತರು.

"ಎಷ್ಟು ಎತ್ತರದಲ್ಲಿದ್ದೆ," ಎಂದರು, ಏದುಸಿರಿನ ನಡುವೆ.

*

ಮನ್ಸೂರ್ ಬರುವುದು ಬೆಳಿಗ್ಗೆ ಒಂದೇ ಸಲ. ಮಧ್ಯಾಹ್ನವೂ ಸಂಜೆಯೂ ನಡೆಸುವುದು ಜೊತೆಗಿರುವವರ ಕೆಲಸ. ವಾಕರ್ ಮುಂದೆ, ನೋವಿನ ಕಾಲು ಆಮೇಲೆ, ಗಟ್ಟಿ ಕಾಲು ಕೊನೆಗೆ. ಹತ್ತಿರದಲ್ಲೇ ಇರಿ ಎಂದು ಅವನು ಶರ್ವಾಣಿಗೆ ಹೇಳಿಹೋಗಿದ್ದ.

ಅವಳು ಹತ್ತಿರದಲ್ಲೇ ಇದ್ದಳು. ಮೂರು ಹೆಜ್ಜೆ ಹಿಂದೆ.

"ಏನವ್ವಾ, ಅಷ್ಟು ದೂರ ನಿಂತಿದ್ದೀಯ?" ಎಂದರು ಮರಿಸ್ವಾಮಿ. "ಮುಂದೆ ಖಾಲಿ ಐತೆ. ಮುಂದೆ ಬಾ."

ಶರ್ವಾಣಿ ತಲೆ ತಗ್ಗಿಸಿದಳು. ಅವರಿಗೆ ಪದ್ಧತಿ ಗೊತ್ತಿಲ್ಲ ಎಂದುಕೊಂಡಳು.

ಎರಡನೆಯ ವಾರದ ಕೊನೆಗೆ, ಮಧ್ಯಾಹ್ನದ ನಡಿಗೆಯಲ್ಲಿ, ಅಮ್ಮ ಮರಿಸ್ವಾಮಿಯ ಮಂಚದವರೆಗೆ ಬಂದಿದ್ದರು. ಎಡಗಾಲು ಇದ್ದಕ್ಕಿದ್ದ ಹಾಗೆ ಸೋತಿತು. ವಾಕರ್ ಸಮೇತ ಮುಂದಕ್ಕೆ ವಾಲಿದರು.

ಶರ್ವಾಣಿಯ ಕೈ ಗಾಳಿಯಲ್ಲಿ ನಿಂತಿತು.

ಹಿಡಿದದ್ದು ಮರಿಸ್ವಾಮಿ. ಮಂಚದ ಅಂಚಿನಲ್ಲಿ ಕೂತಲ್ಲಿಂದಲೇ ತೋಳು ಚಾಚಿ, ಬ್ರೇಕು ಬಿದ್ದ ಬಸ್ಸಿನಲ್ಲಿ ಮುಗ್ಗರಿಸಿದವರನ್ನು ತಡೆದ ಹಾಗೆ, ಭುಜ ಕೊಟ್ಟು ತಡೆದರು.

ನರ್ಸ್ ಓಡಿಬಂದರು. ಅಮ್ಮನನ್ನು ಮಂಚಕ್ಕೆ ಸೇರಿಸಿದರು. ಏನೂ ಆಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಮ್ಮ ಕೇಳಿದರು, "ನೀನು ಎಲ್ಲಿದ್ದೆ?"

"ತಮ್ಮ ಹಿಂದೆ, ಅಮ್ಮಾ."

"ನಾನು ಬಿದ್ದದ್ದು ಯಾವ ಕಡೆಗೆ?"

"ಮುಂದಕ್ಕೆ."

ಅಮ್ಮ ಕಣ್ಣು ಮುಚ್ಚಿಕೊಂಡರು.

ಮರುದಿನ ಮನ್ಸೂರ್ ಬಂದು ವಿಷಯ ಕೇಳಿ, ಅಮ್ಮನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದ. ಒಬ್ಬೊಬ್ಬರು ಒಂದೊಂದು ಕಡೆ ಬೀಳುತ್ತಾರೆ ಎಂದು ಶರ್ವಾಣಿಗೆ ವಿವರಿಸಿದ. ಕೆಲವರು ಪಕ್ಕಕ್ಕೆ, ಕೆಲವರು ಹಿಂದಕ್ಕೆ. ಅಮ್ಮನದು ಮುಂದಕ್ಕೆ ವಾಲುವ ಮೈ. ಇವರ ಎದುರಿಗೆ ನಿಂತು ನಡೆಸಬೇಕು.

ಎದುರಿಗೆ ಎಂದರೆ ಮುಂದೆ. ಶರ್ವಾಣಿ ಹೂಂ ಎಂದಳು. ಮಧ್ಯಾಹ್ನವಾದಾಗ ಕಾಲು ತಾನಾಗಿ ಹಿಂದಕ್ಕೇ ಹೋಯಿತು.

ಅಮ್ಮ ವಾಕರಿನಿಂದ ಕೈ ತೆಗೆದು ಮಂಚದಲ್ಲಿ ಕೂತರು. "ನೀನು ಮುಂದೆ ಬರೋವರೆಗೂ ನಾನು ಏಳಲ್ಲ."

*

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ಬೆಳಿಗ್ಗೆ ಮನ್ಸೂರ್ ಜೊತೆ ನಡೆದದ್ದು ಬಿಟ್ಟರೆ ಅಮ್ಮ ಮಂಚ ಬಿಡಲಿಲ್ಲ.

ಮಲಗಿದಷ್ಟೂ ತೊಡೆ ಸೊರಗುತ್ತದೆ, ಹೀಗಾದರೆ ಎಂಟು ವಾರ ಸಾಲುವುದಿಲ್ಲ ಎಂದ ಮನ್ಸೂರ್.

ಶರ್ವಾಣಿ ಕಿಟಕಿಯ ಆಚೆ ನೋಡಿದಳು. ಸುಣ್ಣದ ಗೋಡೆ. ಅದರ ಕೆಳಗೆ ಇಲ್ಲಿಂದ ಗೀಟು ಎಳೆದ ಹಾಗೆ ಕಾಣುವ ಮೆಟ್ಟಿಲು.

ಬೇರೆ ಯಾರನ್ನಾದರೂ ಕರೆಸುತ್ತೇನೆ ಎಂದಳು. ಅಮ್ಮ ಕೇಳಿಸದವರಂತೆ ಗೋಡೆಯ ಕಡೆ ಮುಖ ಮಾಡಿದರು.

ನಡಿಗೆ ಅಭ್ಯಾಸ ಮುಗಿಸಿ ಬಂದ ಮರಿಸ್ವಾಮಿ ಅವಳ ಪಕ್ಕ ನಿಂತು ದಮ್ಮು ತೆಗೆದುಕೊಂಡರು. "ಮೂವತ್ತು ವರ್ಷ ಒಂದೇ ಮಾತು ಕೂಗಿದ್ದೀನಿ ಕಣವ್ವಾ, ಮುಂದೆ ಹೋಗಿ, ಮುಂದೆ ಹೋಗಿ ಅಂತ. ಬಾಗಿಲಲ್ಲೇ ನೇತಾಡೋರು ಮಾತ್ರ ಕದಲಲ್ಲ. ಯಾಕೆ ಗೊತ್ತಾ? ಅಲ್ಲಿ ನಿಂತರೆ ಬೇಗ ಇಳಿದುಬಿಡಬಹುದು."

ಶರ್ವಾಣಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಮೂರನೆಯ ದಿನ ಬೆಳಿಗ್ಗೆ ಕಾಫಿ ಆದ ಮೇಲೆ ಅವಳು ಎದ್ದು ವಾಕರನ್ನು ಮಂಚದ ಹತ್ತಿರ ತಂದಳು. ಅದರ ಆಚೆಗೆ ಹೋಗಿ ನಿಂತಳು, ಬೆನ್ನು ತಿರುಗಿಸಿಕೊಂಡು, ದಾರಿ ತೋರಿಸುವವಳ ಹಾಗೆ.

"ನಿನ್ನ ಬೆನ್ನು ಏನು ಹಿಡಿಯುತ್ತೆ?" ಎಂದರು ಅಮ್ಮ.

ಶರ್ವಾಣಿ ತಿರುಗಿದಳು.

ಪೂರ್ವದ ಕಿಟಕಿ ಅಮ್ಮನ ಹಿಂದಿತ್ತು. ಅವರು ಎದ್ದು ನಿಂತ ಕೂಡಲೇ ಅವರ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿ ಬಂದು ಶರ್ವಾಣಿಯ ಕಾಲ ಕೆಳಗೆ ನಿಂತಿತು. ಅವಳು ಪಾದ ಎತ್ತಿದಳು. ಇಡಲು ಬೇರೆ ಜಾಗವಿರಲಿಲ್ಲ. ನೆರಳಿನ ಮೇಲೇ ಇಟ್ಟಳು.

"ನೆರಳಿಗೆ ನೋವಾಗಲಿಲ್ಲ," ಎಂದರು ಅಮ್ಮ. "ಕಾಲಿಗೆ ಆಗ್ತಿದೆ. ನಡಿ."

ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಅಮ್ಮ ಮುಂದಕ್ಕೆ ಒಂದು ಹೆಜ್ಜೆ ಇಟ್ಟರು. ಶರ್ವಾಣಿಯ ಎರಡೂ ಕೈ ವಾಕರಿನ ಮೇಲೆ, ಅಮ್ಮನ ಕೈಗಳ ಪಕ್ಕದಲ್ಲಿ.

ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ತಲೆ ಎತ್ತಿ ಆ ಮುಖವನ್ನು ನೇರ ಎದುರಿನಿಂದ ನೋಡಿದಳು. ಮೊಳದಷ್ಟು ದೂರದಲ್ಲಿತ್ತು. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ತುಟಿ ಒಣಗಿತ್ತು. ಕಣ್ಣುಗಳಲ್ಲಿದ್ದದ್ದನ್ನು ಅವಳು ಮೊದಲು ನಂಬಲಿಲ್ಲ.

ಗಂಟಲಲ್ಲಿ ಕೂತಿದ್ದ ಪ್ರಶ್ನೆ ಅವಳಿಗೆ ತಿಳಿಯುವ ಮೊದಲೇ ಹೊರಗೆ ಬಂತು.

"ಅಮ್ಮಾ, ಹೆದರಿಕೆ ಆಗುತ್ತಾ?"

"ಆಗುತ್ತೆ."

"ಪ್ರತಿ ಸಲಾನೂ?"

"ಪ್ರತಿ ಹೆಜ್ಜೆಗೂ."

ಅಮ್ಮ ವಾಕರ್ ಎತ್ತಿ ಮುಂದಿಟ್ಟರು. ನೋವಿನ ಕಾಲು ಎತ್ತಿ ಇಟ್ಟರು. ಅದು ನೆಲ ಮುಟ್ಟುವ ಮೊದಲು ಕಣ್ಣುಗಳಲ್ಲಿ ಅದೇ ಮತ್ತೆ ಬಂತು. ಆದರೂ ಕಾಲು ಇಳಿಯಿತು, ಭಾರ ಹೊತ್ತಿತು.

ಈ ನಾಲ್ಕು ವರ್ಷವೂ, ಇವರು ಹೆದರದವರು ಎಂದುಕೊಂಡೇ ಶರ್ವಾಣಿ ಇವರ ಹಿಂದೆ ನಡೆದಿದ್ದಳು.

ಮರಿಸ್ವಾಮಿ ತಮ್ಮ ಮಂಚದಿಂದ ಮೆಲ್ಲಗೆ ಎಂದರು, "ರೈಟ್, ರೈಟ್."

*

ದಿನಕ್ಕೆ ಮೂರು ಸಲ ಅವಳು ಹಿಮ್ಮುಖವಾಗಿ ನಡೆದಳು. ಹಜಾರದ ಕಂಬ, ಬಕೆಟ್ಟು, ಹೊಸ್ತಿಲು ಎಲ್ಲ ಅವಳ ಹಿಮ್ಮಡಿಗೆ ಗೊತ್ತಾದವು. ಈಗ ಅವಳ ಹಿಮ್ಮಡಿಯೂ ಒಡೆಯತೊಡಗಿತು.

ಅಮ್ಮನ ಮುಖವನ್ನು ಅವಳು ಓದಲು ಕಲಿತಳು. ಮೂಗಿನ ಹೊಳ್ಳೆ ಅರಳಿದರೆ ನೋವು. ಕಣ್ಣು ಕಿರಿದಾದರೆ ದಣಿವು. ಮುಖದಲ್ಲಿ ಏನೂ ಇಲ್ಲದಿದ್ದರೆ, ಇನ್ನೊಂದು ಕ್ಷಣಕ್ಕೆ ಕಾಲು ಸೋಲುತ್ತದೆ. ಆಗ ಅವಳು ಕಾಯದೆ ತೋಳು ಕೊಡುತ್ತಿದ್ದಳು. ಪಾದ ಬಿಟ್ಟು ಬೇರೆಲ್ಲೂ ಮುಟ್ಟಬಾರದು ಎಂಬುದು ನೆನಪಿಗೆ ಬರುವಷ್ಟರಲ್ಲಿ ಮುಟ್ಟಿ ಆಗಿರುತ್ತಿತ್ತು.

ಐದನೆಯ ವಾರ ವಾಕರ್ ಹೋಗಿ ಕೋಲು ಬಂತು. ಮರಿಸ್ವಾಮಿ ಮನೆಗೆ ಹೊರಟರು. ಹೋಗುವಾಗ ಅಮ್ಮನ ಕಾಲಿಗೆ ನಮಸ್ಕರಿಸಲು ನೋಡಿದರು, ಪ್ಲೇಟು ಹಾಕಿದ ಕಾಲು ಬಗ್ಗಲಿಲ್ಲ. ಇಬ್ಬರೂ ನಕ್ಕರು. ಕೊನೆಗೆ ಕೈ ಕುಲುಕಿಕೊಂಡರು.

ಆರನೆಯ ವಾರ ಮನ್ಸೂರ್ ಹಜಾರದ ಮೂಲೆಯಲ್ಲಿದ್ದ ಮರದ ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದ. ಹತ್ತಲು ನಾಲ್ಕು, ಇಳಿಯಲು ನಾಲ್ಕು.

"ಹತ್ತುವಾಗ ಗಟ್ಟಿ ಕಾಲು ಮೊದಲು," ಎಂದ. "ಇಳಿಯುವಾಗ ನೊಂದ ಕಾಲು ಮೊದಲು."

ಅಮ್ಮ ಅವನ ಕಡೆ ತಿರುಗಿದರು. "ಮೇಷ್ಟ್ರೇ, ಇನ್ನೊಂದು ಸಲ ಹೇಳಿ."

ಅವನು ಹೇಳಿದ.

"ಇದನ್ನ ಯಾರು ಕಲಿಸಿದರು ನಿಮಗೆ?"

"ಕಾಲೇಜಲ್ಲಿ, ಅಮ್ಮಾ. ಎಲ್ಲರಿಗೂ ಹೇಳಿಕೊಡ್ತಾರೆ."

"ಒಳ್ಳೆ ಕಾಲೇಜು," ಎಂದು ಅಮ್ಮ ಅವನಿಗೆ ಕೈ ಮುಗಿದರು. ಈ ಸಲ ಅವನು ಹಿಂದೆ ತಿರುಗಿ ನೋಡಲಿಲ್ಲ. ತಾನೂ ಕೈ ಮುಗಿದ.

*

ಎಂಟನೆಯ ವಾರ ಡಾಕ್ಟರು ಎಕ್ಸ್‌ರೇ ಫಿಲ್ಮು ನೋಡಿದರು, ಮರದ ಮೆಟ್ಟಿಲು ಹತ್ತಿಸಿ ಇಳಿಸಿದರು. ಹೋಗಿ ಬನ್ನಿ ಎಂದರು.

ಅಂದು ಸಂಜೆ ದೋಣಿ ಆಚೆ ದಂಡೆ ಮುಟ್ಟಿತು. ಮೇಲೆ ಸದಾಶಿವಯ್ಯನವರೂ ಉಳಿದ ಶಿಷ್ಯರೂ ಸಾಲಾಗಿ ನಿಂತಿದ್ದರು. ಮೆಟ್ಟಿಲ ಪಕ್ಕಕ್ಕೆ ಹೊಸದಾಗಿ ಕಬ್ಬಿಣದ ಕಂಬಿ ನೆಟ್ಟಿದ್ದರು. ಅಮ್ಮ ಕಾಲು ಜಾರಿದ ಮೆಟ್ಟಿಲನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು.

ಶರ್ವಾಣಿ ಅಭ್ಯಾಸಬಲದಿಂದ ಅಮ್ಮನ ಮುಂದೆ ಹೋಗಿ, ಮೇಲಿನ ಮೆಟ್ಟಿಲಲ್ಲಿ ಎದುರಾಗಿ ನಿಂತಳು.

ಅಮ್ಮ ಕಂಬಿ ಹಿಡಿದು, ಕೋಲು ಊರಿ, ಕಾಲು ಎತ್ತದೆ ಅವಳನ್ನೇ ನೋಡಿದರು.

ಶರ್ವಾಣಿ ಅಮ್ಮನ ಕಾಲು ನೋಡಿದಳು. ಮೆಟ್ಟಿಲು ನೋಡಿದಳು. ಅಮ್ಮನ ಬೆನ್ನ ಹಿಂದಿನ ನೀರನ್ನು ನೋಡಿದಳು. ಹತ್ತುವಾಗ ಕಾಲು ಸೋತರೆ ಬೀಳುವುದು ಹಿಂದಕ್ಕೆ.

ಬಳಸಿಕೊಂಡು ಕೆಳಗಿಳಿದು ಬಂದು ಅಮ್ಮನ ಹಿಂದೆ ನಿಂತಳು. ಒಂದೇ ಮೆಟ್ಟಿಲು ಕೆಳಗೆ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಅಂಗೈ ಅಮ್ಮನ ಬೆನ್ನಿಗೆ ನಾಲ್ಕು ಬೆರಳು ದೂರದಲ್ಲಿ.

ಗಟ್ಟಿ ಕಾಲು ಮೇಲೇರಿತು. ನೊಂದ ಕಾಲು ಅದನ್ನು ಸೇರಿಕೊಂಡಿತು.

ಇಪ್ಪತ್ತೊಂದು ಮೆಟ್ಟಿಲಿಗೆ ಅರ್ಧ ಗಂಟೆ ಹಿಡಿಯಿತು. ಹನ್ನೊಂದರಲ್ಲಿ ಅಮ್ಮ ನಿಂತು ಹೊಳೆಯನ್ನು ನೋಡಿದರು. ಹದಿನೇಳರಲ್ಲಿ ಬೆನ್ನು ಬಂದು ಅಂಗೈಗೆ ತಾಗಿತು. ಅಂಗೈ ಅಲ್ಲಿತ್ತು.

ಮೇಲೆ ತಲುಪಿದಾಗ ಶಿಷ್ಯರು ಅಳುತ್ತಿದ್ದರು. ಸದಾಶಿವಯ್ಯನವರು ಶರ್ವಾಣಿಯನ್ನು ನೋಡಿ ಮೆಚ್ಚಿ ತಲೆಯಾಡಿಸಿದರು. ಪೇಟೆಯಲ್ಲಿ ಎರಡು ತಿಂಗಳಿದ್ದರೂ ಹುಡುಗಿ ಪದ್ಧತಿ ಬಿಟ್ಟಿಲ್ಲ, ಹಿಂದೆಯೇ ಬಂದಳು ಎಂದು ಪಕ್ಕದವರಿಗೆ ಹೇಳಿದರು.

*

ಮರುದಿನ ಬಿಸಿಲೇರಿದ ಮೇಲೆ ಅಮ್ಮ ಹೊಳೆಗೆ ಹೊರಟರು.

ಶಿಷ್ಯರು ಮೂರು ಹೆಜ್ಜೆ ಹಿಂದೆ ಸಾಲು ಕಟ್ಟಿದರು. ಮೆಟ್ಟಿಲ ಅಂಚಿಗೆ ಬಂದಾಗ ಶರ್ವಾಣಿ ಸಾಲಿನಿಂದ ಹೊರಗೆ ಬಂದಳು. ಅಮ್ಮನನ್ನು ದಾಟಿದಳು. ಒಂದು ಮೆಟ್ಟಿಲು ಇಳಿದು, ತಿರುಗಿ, ಅವರ ಎದುರಿಗೆ ನಿಂತಳು.

ಹಿಂದೆ ಯಾರೋ ಲೊಚಗುಟ್ಟಿದ ಸದ್ದು.

ಶರ್ವಾಣಿ ಹಿಮ್ಮಡಿಯಿಂದ ಕೆಳಗಿನ ಮೆಟ್ಟಿಲನ್ನು ಹುಡುಕಿ ಕಾಲಿಟ್ಟಳು. ಅಮ್ಮ ನೊಂದ ಕಾಲನ್ನು ಮೊದಲು ಇಳಿಸಿದರು. ಅವರ ನೆರಳು ಶರ್ವಾಣಿಯ ಎದೆಯ ಮೇಲೆ, ಮೊಗದ ಮೇಲೆ ಬಿದ್ದು ಜೊತೆಜೊತೆಗೇ ಇಳಿಯಿತು. ಅವಳು ಅಮ್ಮನ ಕಣ್ಣುಗಳಿಂದ ಕಣ್ಣು ತೆಗೆಯಲಿಲ್ಲ. ಒಂದೊಂದು ಮೆಟ್ಟಿಲಿಗೂ ಅಲ್ಲಿ ಹೆದರಿಕೆ ಬಂತು. ಒಂದೊಂದು ಮೆಟ್ಟಿಲನ್ನೂ ಕಾಲು ಇಳಿಯಿತು.

ಹದಿನೆಂಟನೆಯದು ಉಜ್ಜಿದ ಮೆಟ್ಟಿಲು. ಅಲ್ಲಿ ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ. ಶರ್ವಾಣಿ ತೋಳು ಕೊಟ್ಟಳು. ಮಂಡಿ ಸೋತಿತು, ಅಮ್ಮನ ಇಡೀ ಭಾರ ಅವಳ ಹೆಗಲಿಗೆ ಬಂತು. ಅವಳು ಕದಲಲಿಲ್ಲ. ಅಮ್ಮ ಮತ್ತೆ ನೆಟ್ಟಗಾದರು.

ಕೊನೆಗೆ ಶರ್ವಾಣಿಯ ಹಿಮ್ಮಡಿಗೆ ನೀರು ತಣ್ಣಗೆ ತಾಗಿತು. ಅಮ್ಮನ ಪಾದವೂ ನೀರು ಮುಟ್ಟಿತು. ಇಬ್ಬರೂ ಕಣಕಾಲಿನವರೆಗಿನ ನೀರಿನಲ್ಲಿ ಎದುರುಬದುರಾಗಿ ನಿಂತರು. ಅಮ್ಮ ಕಣ್ಣು ಮುಚ್ಚಿದರು. ಸಣ್ಣ ಮೀನುಗಳು ಬಂದು ನಾಲ್ಕೂ ಕಾಲುಗಳನ್ನು ಒಂದೇ ಸಮ ಮುತ್ತಿದವು.

ಸದಾಶಿವಯ್ಯನವರು ಮೂರು ಮೆಟ್ಟಿಲು ಮೇಲೆ ನಿಂತಿದ್ದರು.

"ಅಮ್ಮಾ, ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ ಇದು. ನಿನ್ನೆ ಇವಳು ಹಿಂದಿದ್ದಳು, ಇವತ್ತು ಮುಂದಿದ್ದಾಳೆ. ಒಂದು ಮಾತು ಹೇಳಿಬಿಡಿ. ಶಿಷ್ಯರಾದವರು ಗುರುವಿನ ಹಿಂದೆ ನಡೆಯಬೇಕೋ, ಮುಂದೆ ನಡೆಯಬೇಕೋ?"

ಅಮ್ಮ ಕಣ್ಣು ತೆರೆದರು. ಕೋಲನ್ನು ನೀರಿನಿಂದ ಎತ್ತಿ ಮೇಲಿನ ಮೆಟ್ಟಿಲಿಗೆ ಊರಿದರು.

"ನಾನು ಯಾವ ಕಡೆ ಬೀಳ್ತೀನಿ ಅಂತ ಮೊದಲು ನೋಡು, ಸದಾಶಿವಯ್ಯ."